ಸುಂಕಕ್ಕಿಂತ ನಿಯಮದ ಕಾಟವೇ ಜಾಸ್ತಿ

ತಯಾರಕರಿಗೆ ಸುಂಕವೇ ದೊಡ್ಡ ತಲೆನೋವು ಅಂತ ಬರೆದಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ. ಸುಂಕವನ್ನು ಬೆಲೆಗೆ ಸೇರಿಸಿ ಹೇಗೋ ಸುಧಾರಿಸಬಹುದು. ನಿಯಮ ಬದಲಾದರೆ ಕೆಲಸದ ರೀತಿಯೇ ಬದಲಾಗಬೇಕು. 2006ರಲ್ಲಿ ಯುರೋಪು ಎಲೆಕ್ಟ್ರಾನಿಕ್ಸ್ ಸಾಮಾನಿನಲ್ಲಿ ಸೀಸಕ್ಕೆ ಮಿತಿ ಹಾಕಿದಾಗ ಆದದ್ದು ಅದೇ ಅಲ್ವಾ? ಬಿಡಿಭಾಗಗಳನ್ನು ಬೋರ್ಡಿಗೆ ಕೂರಿಸುವ ಹಳೆಯ ತವರ-ಸೀಸದ ಬೆಸುಗೆ 183 ಡಿಗ್ರಿಗೆ ಕರಗುತ್ತಿತ್ತು. ಸೀಸವಿಲ್ಲದ್ದಕ್ಕೆ ಸುಮಾರು 217 ಬೇಕು. ಆ ಬಿಸಿಗೆ ಪಕ್ಕದ ಪ್ಲಾಸ್ಟಿಕ್ ಕನೆಕ್ಟರ್ ಸೊಟ್ಟಗಾದರೆ ಅದನ್ನೂ ಬದಲಿಸಬೇಕು, ಬೆಸುಗೆ ಹಾಕುವ ಓವನ್ನನ್ನೂ ಹೊಸದಾಗಿ ಹೊಂದಿಸಬೇಕು.

ಈಗ ಯುರೋಪಿನದೇ ಕಾರ್ಬನ್ ಗಡಿ ಶುಲ್ಕ, ಅಂದರೆ ಹೊರಗಿಂದ ಬರುವ ಸಾಮಾನು ತಯಾರಾಗುವಾಗ ಎಷ್ಟು ಇಂಗಾಲದ ಹೊಗೆ ಬಂತು ಅಂತ ನೋಡಿ ಹಾಕುವ ಶುಲ್ಕ. 2023ರಿಂದ ಬರೀ ವರದಿ ಕೊಟ್ಟರೆ ಸಾಕಿತ್ತು, 2026ರಿಂದ ದುಡ್ಡಿನ ಲೆಕ್ಕ. ಉಕ್ಕು, ಸಿಮೆಂಟು ಬಿಡಿ, ಬೋಲ್ಟು ಸ್ಕ್ರೂಗಳಿಗೂ ಅದು ತಗಲುತ್ತದೆ. ಬೋಲ್ಟು ಮಾಡುವವರು ಉಕ್ಕು ಕೊಟ್ಟವರ ಹತ್ತಿರ ಹೊಗೆಯ ಲೆಕ್ಕ ಕೇಳಬೇಕು. ದೊಡ್ಡ ಕಾರ್ಖಾನೆ ಸಣ್ಣ ಗಿರಾಕಿಗೆ ಸುಮ್ನೆ ಉತ್ತರ ಕೊಡುತ್ತದಾ, ನೀವೇ ಹೇಳಿ.