ತಪಾಸಣೆಯ ಕೆಲಸವನ್ನು ಮರೆತಿದ್ದೀರಿ
ಸುಸ್ಥಿರ ಕೃಷಿಯಲ್ಲಿ ಎಂ.ಎಸ್ಸಿ. ಮಾಡಿದವರಿಗೆ ಸಂಶೋಧನೆ, ಅಧ್ಯಾಪನ ಎರಡೇ ದಾರಿ ಎಂಬಂತೆ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ; ಒಪ್ಪಲಾರೆ. ಧಾರವಾಡದಲ್ಲಿ ಬೇಸಾಯಶಾಸ್ತ್ರ ಓದಿದ ನನ್ನ ತಂಗಿಯ ಮಗಳು ಈಗ ಪುಣೆಯ ನಮ್ಮ ಮನೆಯಲ್ಲೇ ಇದ್ದು, ಸಾವಯವ ಪ್ರಮಾಣೀಕರಣದ ತಪಾಸಣೆಗೆಂದು ನಾರಾಯಣಗಾಂವ ಕಡೆಯ ದ್ರಾಕ್ಷಿ ತೋಟಗಳನ್ನು ಸುತ್ತುತ್ತಾಳೆ. ದಾಖಲೆ ಪುಸ್ತಕ ತೆರೆಯುವ ಮೊದಲು ಕೊಟ್ಟಿಗೆಯ ಮೂಲೆಯಲ್ಲಿರುವ ಸಿಂಪಡಣೆ ಪಂಪನ್ನು, ರಾಸಾಯನಿಕದ ವಾಸನೆ ಇದೆಯೇ ಎಂದು ಮೂಸಿ ನೋಡುತ್ತಾಳಂತೆ! ವಾರ್ಷಿಕ ಬೆಳೆಗೆ 2 ವರ್ಷ, ದ್ರಾಕ್ಷಿಯಂಥ ಬಹುವಾರ್ಷಿಕ ಬೆಳೆಗೆ 3 ವರ್ಷ ಪರಿವರ್ತನೆಯ ಅವಧಿ, ಅಂದರೆ ರಾಸಾಯನಿಕ ಬಿಟ್ಟ ಮೇಲೆ ಸಾವಯವ ಎಂಬ ಮುದ್ರೆ ಸಿಗುವವರೆಗಿನ ಕಾಲ. ಅಷ್ಟು ಕಾಲ ರೈತನ ಪಾಡು ಸಾವಯವದ್ದು, ಬೆಲೆ ಮಾತ್ರ ಮಾಮೂಲಿನದು. ಆ ರೈತನಿಗೆ ಮರಾಠಿಯಲ್ಲಿ ಸಮಾಧಾನ ಹೇಳುವುದನ್ನು ಯಾವ ಪಠ್ಯಕ್ರಮವೂ ಅವಳಿಗೆ ಕಲಿಸಿರಲಿಲ್ಲ. ಅಂದ ಹಾಗೆ, ಪುಣೆಯ ಕೃಷಿ ಕಾಲೇಜನ್ನು ಹೆಸರಿಸಿದ ನೀವು, ಕೃಷಿ ವ್ಯವಹಾರ ನಿರ್ವಹಣೆ ಕಲಿಸುವ ಇಲ್ಲಿನ ವೈಕುಂಠ ಮೆಹ್ತಾ ಸಂಸ್ಥೆಯನ್ನು ಬಿಟ್ಟಿದ್ದೇಕೆ? ಮಣ್ಣು ಬಲ್ಲವರಿಗೆ ಲೆಕ್ಕವೂ ಬಂದರೆ ರೈತರೇ ಸೇರಿ ಕಟ್ಟಿಕೊಂಡ ರೈತ ಉತ್ಪಾದಕ ಕಂಪನಿಗಳಲ್ಲಿ ಜಾಗವಿದೆ.