ಕಚ್ಚಾ ಬಿಲ್ಲು, ಪಕ್ಕಾ ಬಿಲ್ಲು

ಈಗಷ್ಟೇ ದಾವಣಗೆರೆ ವಿದ್ಯಾನಗರದ ಸೈಟಿಂದ ಬಂದೆ, ಹೊಟ್ಟೆ ಉರೀತಾ ಇದೆ, ಬರೆದೇ ಮಲಗೋದು. ನಾನೇ ಡ್ರಾಯಿಂಗ್ ಮಾಡಿಕೊಟ್ಟ ಮನೆ, ಓನರ್ ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರು. ವಾರ್ಡ್‌ರೋಬ್, ಕಿಚನ್ ಮಾಡೋ ಕಾಂಟ್ರಾಕ್ಟರ್ ಬಂದವನೇ ಪ್ಲೈವುಡ್ ಮೇಲೆ ಪೆನ್ಸಿಲಲ್ಲಿ ಎರಡು ಲೆಕ್ಕ ಬರೆದ, ಈ ಕಡೆ 4,00,000, ಆ ಕಡೆ 18 ಪರ್ಸೆಂಟ್ ಜಿಎಸ್‌ಟಿ ಸೇರಿ 4,72,000. "ಬಿಲ್ ಬೇಕಂದ್ರೆ ಅದು, ಬ್ಯಾಡಂದ್ರೆ ಇದು, ಕ್ಯಾಶ್ ಕೊಟ್ಬಿಡಿ ಸಾರ್." ಮೇಷ್ಟ್ರು ನನ್ನ ಮುಖ ನೋಡಿದ್ರು. ಅವನೂ ನೋಡಿ, "ಇಂಜಿನಿಯರ್ ಸಾಹೇಬ್ರೂ ಹಿಂಗೇ ತಾನೇ ತಗಳೋದು" ಅಂದ.

ಅದೇ ಚುಚ್ಚಿದ್ದು. ಮೂರು ವರ್ಷದ ಹಿಂದಿನವರೆಗೂ ನಾನು ಹಂಗೇ ಮಾಡ್ತಿದ್ದೆ. ಅರ್ಧ ಫೀಸು ಕ್ಯಾಶ್, ಸ್ವಲ್ಪ ಹೆಂಡ್ತಿ ಅಕೌಂಟಿಗೆ, ಅವಳು ಒಂದು ಕಾಲಂ ಸೈಜೂ ಹಾಕಿದವಳಲ್ಲ. ಅದಕ್ಕೆ ಟ್ಯಾಕ್ಸ್ ಪ್ಲಾನಿಂಗ್ ಅಂತ ಹೆಸರಿಟ್ಕೊಂಡು ನೆಮ್ಮದಿಯಾಗಿ ನಿದ್ದೆ ಮಾಡ್ತಿದ್ದೆ. ಪ್ಲಾನಿಂಗ್ ಏನಲ್ಲ, ಕದ್ದು ಮುಚ್ಚಿಡೋದು.

ಕಾನೂನೇ ಬಿಟ್ಟಿದ್ದನ್ನ ತಗೊಳ್ಳೋಕೆ ನನ್ನ ತಕರಾರಿಲ್ಲ. 2025-26ರ ಲೆಕ್ಕಕ್ಕೆ ಇನ್‌ಕಮ್ ಟ್ಯಾಕ್ಸ್ ಕಾಯ್ದೆಯ 44ಎಡಿಎ ಸೆಕ್ಷನ್ ಅಡಿ ನಮ್ಮಂಥ ಇಂಜಿನಿಯರು, ಡಾಕ್ಟ್ರು, ವಕೀಲ್ರು ಬಂದ ಫೀಸಲ್ಲಿ ಅರ್ಧ ಆದಾಯ ಅಂತ ತೋರಿಸಿದ್ರೆ ಸಾಕು, ಉಳಿದರ್ಧಕ್ಕೆ ಒಂದು ಚೀಟಿನೂ ಕೇಳಲ್ಲ. ಅದೇ ವರ್ಷಕ್ಕೆ ಟ್ಯಾಕ್ಸಿನ ಹೊಸ ಪದ್ಧತಿಯಲ್ಲಿ 12 ಲಕ್ಷ ಆದಾಯದ ತನಕ ಟ್ಯಾಕ್ಸೇ ಇಲ್ಲ. ಬೇರೆ ಆದಾಯ ಇಲ್ದಿದ್ರೆ 24 ಲಕ್ಷ ಫೀಸು ಬಂದ್ರೂ ಇನ್‌ಕಮ್ ಟ್ಯಾಕ್ಸ್ ಸೊನ್ನೆ! ನಮ್ಮ ಕೆಲಸಕ್ಕೆ ಜಿಎಸ್‌ಟಿ ನೋಂದಣಿನೂ 20 ಲಕ್ಷ ದಾಟಿದ ಮೇಲೇ. ಇಷ್ಟು ಬಿಟ್ಟ ಮೇಲೂ ಬಂದ ದುಡ್ಡನ್ನ ಬಂದೇ ಇಲ್ಲ ಅಂತೀವಲ್ಲ, ಏನನ್ನೋಣ ಇದಕ್ಕೆ?

ನಮ್ಮಂಥವರಿಗೆ ಪಿಎಫ್ ಇಲ್ಲ, ರಜಾ ಇಲ್ಲ, ಕೆಲಸ ಮಾಡಿಸಿದ ಪಾರ್ಟಿ ದುಡ್ಡಿಗೆ ಆರು ತಿಂಗಳು ಸತಾಯಿಸ್ತಾನೆ ಅಂತೀರಿ. ನಿಜ, ನನಗೂ ಬರಬೇಕಾದ ಬಾಕಿ ಇದೆ. ಆದ್ರೂ ಕಾನೂನು ಆ ಅರ್ಧ ಬಿಟ್ಟಿದೆಯಲ್ಲ. ದೊಡ್ಡೋರು ಕೋಟಿಗಟ್ಟಲೆ ನುಂಗ್ತಾರೆ ಅನ್ನೋ ಮಾತಂತೂ ನನ್ನ ಹತ್ರ ತರಲೇಬೇಡಿ. ನೆಟ್ಟಗೆ ಬಿಲ್ ಹಾಕೋ ಕಾಂಟ್ರಾಕ್ಟರ್ ಇದೇ ಊರಲ್ಲಿದಾನೆ, ಇಂಥವರ ಮುಂದೆ 18 ಪರ್ಸೆಂಟ್ ದುಬಾರಿ ಕಾಣ್ತಾನೆ, ಕೆಲಸ ಕಳ್ಕೊಳ್ತಾನೆ, ಅವನ ಅನ್ನ ಕಿತ್ಕೊಂಡಿದ್ದು ದೊಡ್ಡೋರಲ್ಲ, ನಾವು.

ಇನ್ನು ಮೇಷ್ಟ್ರು. ಸರ್ವೀಸ್ ಪೂರ್ತಿ ಸಂಬಳ ಕೈಗೆ ಬರೋ ಮುಂಚೆನೇ ಟ್ಯಾಕ್ಸ್ ಕಟ್ಟಾಗಿದೆ, ಮುಚ್ಚಿಡೋಕೆ ಅವರಿಗೆ ದಾರಿನೇ ಇರ್ಲಿಲ್ಲ. ಆ ಉಳಿಕೆ ದುಡ್ಡನ್ನ ಈಗ ಬಿಲ್ಲಿಲ್ದೆ ಕೊಡಬೇಕಂತೆ. ನಾಳೆ ಮಳೆಗಾಲದಲ್ಲಿ ಪ್ಲೈ ಉಬ್ಬಿದ್ರೆ ಏನು ತೋರಿಸ್ತಾರೆ? ಆ ಪೆನ್ಸಿಲ್ ಲೆಕ್ಕದ ಮೇಲೆ ಅವನು ಮೈಕಾ ಅಂಟಿಸಿರ್ತಾನೆ.

"ಬಿಲ್ ತಗೊಳ್ಳಿ ಸಾರ್" ಅಂದೆ. ಮೇಷ್ಟ್ರು ಆ 4,72,000 ಮೇಲೆ ಬೆರಳಾಡಿಸ್ತಾ, "72 ಸಾವಿರ ಅಂದ್ರೆ ನನ್ನ ಎರಡು ತಿಂಗಳ ಪೆನ್ಷನ್ನಪ್ಪ" ಅಂದ್ರು. ಆಮೇಲೆ ಕಾಂಟ್ರಾಕ್ಟರ್ ಕಡೆ ತಿರುಗಿ, "ಒಂದಿನ ಟೈಮ್ ಕೊಡು" ಅಂದ್ರು.