ಅಕ್ಕನ ಅಂಗಡಿಯ ಎರಡು ಕಂಪ್ಯೂಟ್ರು

ಹೋದ ತಿಂಗ್ಳು ತುಮಕೂರು ಅಶೋಕ ರಸ್ತೆ ಹಿಂದಿನ ಗಲ್ಲಿಲಿರೋ ಒಂದು ಡಿಟಿಪಿ ಅಂಗಡಿಯಿಂದ ಫೋನ್ ಬಂತು. ಆ ಅಕ್ಕ ನಂಗೆ ಹದಿನಾರು ವರ್ಷದಿಂದ ಪರಿಚಯ, ನಾನು ಸರ್ವಿಸ್ ಕೆಲ್ಸ ಕಲಿತಿದ್ದಾಗ ನಂಬಿ ಸಿಪಿಯು ಬಿಚ್ಚೋಕೆ ಕೊಟ್ಟ ಮೊದಲನೇ ಗಿರಾಕಿ ಅವ್ರೇ. "ಒಂದ್ಸಲ ಬಂದು ಹೋಗಪ್ಪ, ಬ್ಯಾಂಕಿಂದು ಸ್ಟೇಟ್‌ಮೆಂಟ್ ತೆಗೀಬೇಕಿತ್ತು, ಬೆಳಿಗ್ಗೆಯಿಂದ ಸೈಟೇ ತೆಗೀತಿಲ್ಲ, ಬ್ರೌಸರ್ ಹಳೇದು ಅಂತಿದೆ" ಅಂದ್ರು. ಹೋದೆ. ಅಂಗಡಿಲಿ ಎರಡು ಕಂಪ್ಯೂಟ್ರು. ಮುಂದಿನ ಟೇಬಲ್ ಮೇಲೆ ವಿಂಡೋಸ್ 7 ಇರೋದು, ಗಿರಾಕಿಗಳು ವಾಟ್ಸಾಪಲ್ಲಿ ಕಳ್ಸೋ ಮ್ಯಾಟರ್, ಮೇಲು, ಬ್ಯಾಂಕು ಎಲ್ಲ ಅದ್ರಲ್ಲಿ. ಒಳಗಡೆ ಗೋಡೆ ಪಕ್ಕ ಇನ್ನೊಂದು, ಅದ್ರಲ್ಲಿ ವಿಂಡೋಸ್ ಎಕ್ಸ್‌ಪಿ, ಅದೇ ಹಸಿರು ಗುಡ್ಡ ನೀಲಿ ಆಕಾಶ.

ಮದ್ವೆ ಕಾರ್ಡ್ ಪ್ರೂಫ್ ನೋಡೋಕೆ ಬಂದಿದ್ದ ಒಬ್ಬ ಹುಡುಗ ಒಳಗಿನ ಸ್ಕ್ರೀನ್ ನೋಡಿ, "ಏನ್ ಆಂಟಿ ಇನ್ನೂ ಎಕ್ಸ್‌ಪಿ ನಾ, ಮ್ಯೂಸಿಯಂಗೆ ಕೊಟ್ಬಿಡಿ" ಅಂತ ನಕ್ಕ. ಅಕ್ಕ ಏನೂ ಮಾತಾಡ್ಲಿಲ್ಲ, ಕೀಬೋರ್ಡ್ ಮೇಲಿದ್ದ ಧೂಳು ಸೆರಗಲ್ಲಿ ಒರೆಸ್ಕೊಂಡು ಸುಮ್ನಿದ್ರು. ನಂಗೆ ತುಂಬಾ ಬೇಜಾರಾಯ್ತು. ಆವತ್ತಿಂದ ಇದನ್ನ ಬರೀಬೇಕು ಅಂತಿದ್ದೆ, ಇವತ್ತು ಕೂತಿದೀನಿ, ಉದ್ದ ಆಗತ್ತೆ, ದಯವಿಟ್ಟು ಪೂರ್ತಿ ಓದಿ.

ಆ ಒಳಗಿನ ಕಂಪ್ಯೂಟರಲ್ಲಿ ಏನಿದೆ ಅಂತ ಹೇಳ್ತೀನಿ ಕೇಳಿ. ಡಿ ಡ್ರೈವ್ ತೆಗೆದ್ರೆ ಊರಿನ ಹೆಸರಲ್ಲಿ ಫೋಲ್ಡರುಗಳು, ಗೂಳೂರು, ಹೆಬ್ಬೂರು, ಊರ್ಡಿಗೆರೆ, ಬೆಳ್ಳಾವಿ, ಕೋರಾ. ಒಳಗೆ ಲಗ್ನಪತ್ರಿಕೆ, ಗೃಹಪ್ರವೇಶ, ನಾಮಕರಣ, ತಿಥಿ ಕಾರ್ಡು, ಜಾತ್ರೆ ಕರಪತ್ರ, ಹಾಲಿನ ಡೈರಿ ವಾರ್ಷಿಕ ವರದಿ, ಬಿಲ್ ಬುಕ್ಕು. ಇಪ್ಪತ್ತು ವರ್ಷಕ್ಕಿಂತ ಹೆಚ್ಚಿನ ಕೆಲ್ಸ. ಯಾರೋ ಬಂದು "ಅಕ್ಕಾ, 2009ರಲ್ಲಿ ನಮ್ಮ ಅಣ್ಣನ ಮದ್ವೆಗೆ ಮಾಡ್ಕೊಟ್ಟಿದ್ರಲ್ಲ, ಅದೇ ಥರ ತಮ್ಮಂಗೂ ಬೇಕು" ಅಂದ್ರೆ ಎರಡು ನಿಮಿಷದಲ್ಲಿ ಫೈಲ್ ತೆಗೀತಾರೆ, ಮನೆದೇವ್ರ ಹೆಸ್ರಿಂದ ಹಿಡಿದು ಸೋದರಮಾವನ ಇನಿಷಿಯಲ್‌ವರೆಗೂ ಅಲ್ಲೇ ಇರತ್ತೆ, ದಿನಾಂಕ ಮುಹೂರ್ತ ಬದ್ಲಾಯಿಸಿ ಬಟರ್ ಪೇಪರ್ ಮೇಲೆ ಪ್ರಿಂಟ್ ಹೊಡೆದು ಆಫ್‌ಸೆಟ್‌ನೋರಿಗೆ ಕಳಿಸ್ತಾರೆ. ಅದೇ ಅವ್ರ ಅನ್ನ.

ಇದೆಲ್ಲ ಇರೋದು ಪೇಜ್‌ಮೇಕರ್ 7 ಅನ್ನೋ ಪುಟ ಜೋಡಿಸೋ ಸಾಫ್ಟ್‌ವೇರಲ್ಲಿ, ಅಕ್ಷರ ನುಡಿ ಅನ್ನೋ ಕನ್ನಡ ಫಾಂಟಿಂದು. ಆ ಪೇಜ್‌ಮೇಕರ್ ಬಂದಿದ್ದು 2001ರಲ್ಲಿ, ಎಕ್ಸ್‌ಪಿ ಬಂದಿದ್ದೂ ಅದೇ ವರ್ಷ ಅಕ್ಟೋಬರಲ್ಲಿ. ಪೇಜ್‌ಮೇಕರ್‌ಗೆ ಅದಾದ್ಮೇಲೆ ಹೊಸ ವರ್ಷನ್ನೇ ಬರ್ಲಿಲ್ಲ. ಅದಕ್ಕೆ ಯೂನಿಕೋಡ್ ಗೊತ್ತಿಲ್ಲ, ಅಂದ್ರೆ ಪ್ರತಿ ಭಾಷೆಯ ಅಕ್ಷರಕ್ಕೂ ಎಲ್ಲಾ ಕಂಪ್ಯೂಟರಲ್ಲೂ ಒಂದೇ ನಂಬರ್ ಕೊಡೋ ಪದ್ಧತಿ. ಹಂಗಾಗಿ ಹಳೇ ನುಡಿ ಫಾಂಟ್ ಏನ್ ಮಾಡತ್ತೆ ಅಂದ್ರೆ, ಇಂಗ್ಲಿಷ್ ಅಕ್ಷರ, ಗುರುತುಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನ ಕೂರಿಸಿರತ್ತೆ. ಕಣ್ಣಿಗೆ ಕನ್ನಡ, ಒಳಗೆ ಕನ್ನಡ ಅಲ್ಲ. ಫಾಂಟ್ ಇಲ್ದಿರೋ ಕಂಪ್ಯೂಟರಲ್ಲಿ ಆ ಫೈಲ್ ತೆಗೆದು ನೋಡಿ, "ಕನ್ನಡ" ಅಂತ ಟೈಪ್ ಮಾಡಿರೋ ಪದದ ಮಧ್ಯೆ, ನ ಅಕ್ಷರದ ಜಾಗದಲ್ಲಿ, ಬ್ರಿಟಿಷರ ಪೌಂಡ್ ಗುರುತು ಕೂತಿರತ್ತೆ. ನಾನು ಮೊದಲ್ನೇ ಸಲ ಅದನ್ನ ನೋಡ್ದಾಗ ಫೈಲೇ ಕೆಟ್ಟೋಯ್ತು ಅನ್ಕೊಂಡು ಗಾಬರಿ ಆಗಿದ್ದೆ.

ಈಗ ಹೇಳಿ, ಇಂಥೋರಿಗೆ "ಅಪ್‌ಗ್ರೇಡ್ ಆಗಿ" ಅನ್ನೋದು ಎಷ್ಟು ಸುಲಭದ ಮಾತು? ಹೊಸ ಕಂಪ್ಯೂಟ್ರು ತಂದ್ರೆ ಮುಗೀಲಿಲ್ಲ. ಹೊಸ ವಿಂಡೋಸಲ್ಲಿ ಹಳೇ ಪ್ಯಾಕೇಜ್ ಒಂದ್ಸಲ ಓಡತ್ತೆ, ಇನ್ನೊಂದ್ಸಲ ಪ್ರಿಂಟ್ ಕೊಡೋವಾಗ ನಿಂತೋಗತ್ತೆ. 64 ಬಿಟ್ ವಿಂಡೋಸಿಗೆ ಹಳೇ 32 ಬಿಟ್ ಡ್ರೈವರ್ (ಪ್ರಿಂಟ್ರನ್ನ ಕಂಪ್ಯೂಟರ್ ಜೊತೆ ಮಾತಾಡ್ಸೋ ಪ್ರೋಗ್ರಾಂ) ಆಗಲ್ಲ, ಹಂಗಾಗಿ ಚೆನ್ನಾಗೇ ಇರೋ ಪ್ರಿಂಟ್ರು ಮೂಲೆಗೆ ಹೋಗತ್ತೆ. ಮಂಡಿಲಿ ಕೊಬ್ರಿ ಅಡಿಕೆ ವ್ಯಾಪಾರ ಮಾಡೋ ಕೆಲವ್ರು ಇನ್ನೂ ಡಾಸ್ ಕಾಲದ ಫಾಕ್ಸ್‌ಪ್ರೋದಲ್ಲಿ ಬರ್ಸಿರೋ ಲೆಕ್ಕದ ಪ್ರೋಗ್ರಾಂ ಇಟ್ಕೊಂಡಿದಾರೆ, ಅದು 16 ಬಿಟ್ಟು, 64 ಬಿಟ್ ವಿಂಡೋಸಲ್ಲಿ ಓಪನ್ನೇ ಆಗಲ್ಲ, ವಿಂಡೋಸ್ 11 ಅಂತೂ 32 ಬಿಟ್ಟಲ್ಲಿ ಬರೋದೇ ಇಲ್ಲ. ಪ್ರೋಗ್ರಾಂ ಬರ್ದೋನು ಈಗ ಎಲ್ಲಿದಾನೋ. ಲ್ಯಾಬುಗಳಲ್ಲಿ ರಕ್ತ ಪರೀಕ್ಷೆ ಮಿಷನ್ ಜೊತೆಗೇ ಬಂದಿರೋ ಕಂಪ್ಯೂಟ್ರೂ ಹಿಂಗೇ, ಮಿಷನ್ ಬದ್ಲಾಯಿಸ್ದೆ ಅದನ್ನ ಮುಟ್ಟಂಗಿಲ್ಲ. ಇವ್ರು ಯಾರೂ ಸೋಮಾರಿಗಳಲ್ಲ, ದಡ್ಡರೂ ಅಲ್ಲ.

ಆದ್ರೆ ಅಪಾಯ ಇಲ್ಲ ಅಂತ ನಾನು ಹೇಳ್ತಿಲ್ಲ. ಅದನ್ನ ಗಟ್ಟಿಯಾಗೇ ಹೇಳ್ಬೇಕು, ಯಾಕಂದ್ರೆ "ಸಪೋರ್ಟ್ ನಿಂತೋಯ್ತು ಅಂದ್ರೆ ಏನಾಯ್ತು, ಕಂಪ್ಯೂಟ್ರು ಓಡ್ತಾ ಇದ್ಯಲ್ಲ" ಅಂತ ದಿನಾ ಕೇಳ್ತಾರೆ. ಎಕ್ಸ್‌ಪಿಗೆ 2014 ಏಪ್ರಿಲ್ 8ಕ್ಕೆ ಸಪೋರ್ಟ್ ನಿಂತಿದೆ, ವಿಂಡೋಸ್ 7ಕ್ಕೆ 2020 ಜನವರಿ 14ಕ್ಕೆ, ವಿಂಡೋಸ್ 10ಕ್ಕೆ 2025 ಅಕ್ಟೋಬರ್ 14ಕ್ಕೆ. ನಿಂತಿದೆ ಅಂದ್ರೆ ಆಮೇಲೆ ಸಿಗೋ ತೂತುಗಳನ್ನ, ಅಂದ್ರೆ ಕಳ್ರು ನುಗ್ಗೋಕೆ ಆಗೋ ದೋಷಗಳನ್ನ, ಮಾಮೂಲಾಗಿ ಯಾರೂ ಮುಚ್ಚಲ್ಲ. ಅಷ್ಟೇ ಅಲ್ಲ, ಹೊಸ ವಿಂಡೋಸಲ್ಲಿ ಒಂದು ತೂತು ಮುಚ್ಚಿದ್ರು ಅಂದ್ರೆ ಕಳ್ರು ಆ ಅಪ್‌ಡೇಟ್ ಬಿಚ್ಚಿ ಎಲ್ಲಿ ಮುಚ್ಚಿದಾರೆ ಅಂತ ನೋಡ್ತಾರೆ, ಅದೇ ತೂತು ಹಳೇದ್ರಲ್ಲೂ ಇದ್ರೆ ಅದು ಹಂಗೇ ತೆರೆದಿರತ್ತೆ. ಪಕ್ಕದ ಮನೆ ಚಿಲಕ ರಿಪೇರಿ ಮಾಡಿದ್ದು ನೋಡಿ ನಮ್ಮನೆ ಚಿಲಕ ತೆಗ್ಯೋದು ಕಲಿತಂಗೆ. ಇದಕ್ಕೆ ಬರೀ ಆಂಟಿವೈರಸ್ ಸಾಕಾಗಲ್ಲ.

2017ರ ವಾನಾಕ್ರೈ ನೆನಪಿದ್ಯಾ, ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳ್ತಿದ್ದ ವೈರಸ್ಸು? ಮೇ 12, ಶುಕ್ರವಾರ. ಯಾರೂ ಏನೂ ಕ್ಲಿಕ್ ಮಾಡೋದೇ ಬೇಕಿರ್ಲಿಲ್ಲ, ಕಂಪ್ಯೂಟರಿಂದ ಕಂಪ್ಯೂಟರಿಗೆ ನೆಟ್‌ವರ್ಕಲ್ಲಿ ತಾನೇ ಹಾರ್ಕೊಂಡು ಹೋಗ್ತಿತ್ತು, ಫೈಲ್ ಶೇರಿಂಗಿಗೆ ಇರೋ ದಾರೀಲೇ. ಇಂಗ್ಲೆಂಡಲ್ಲಿ ಸರ್ಕಾರಿ ಆಸ್ಪತ್ರೆಗಳು ಪೇಷೆಂಟುಗಳನ್ನ ವಾಪಸ್ ಕಳಿಸ್ಬೇಕಾಯ್ತು, ಇಲ್ಲಿ ಪಕ್ಕದ ಆಂಧ್ರದಲ್ಲಿ ಪೊಲೀಸ್ ಕಂಪ್ಯೂಟರುಗಳಿಗೂ ತಗುಲ್ತು. ಎಕ್ಸ್‌ಪಿಗೆ ಸಪೋರ್ಟ್ ನಿಂತು ಮೂರು ವರ್ಷ ಆಗಿದ್ರೂ ಆಗ ಮೈಕ್ರೋಸಾಫ್ಟ್‌ನೋರು ಅದಕ್ಕೂ ಒಂದು ತೇಪೆ ಬಿಡ್ಬೇಕಾಯ್ತು. ನಂಗೆ ಹೆಚ್ಚು ಕಾಡೋ ವಿಷ್ಯ ಇನ್ನೊಂದಿದೆ. ಆವತ್ತು ಹೆಚ್ಚಾಗಿ ಸಿಕ್ಕಾಕ್ಕೊಂಡಿದ್ದು ಎಕ್ಸ್‌ಪಿ ಅಲ್ಲ, ವಿಂಡೋಸ್ 7. ಅದಕ್ಕೆ ಆಗ ಸಪೋರ್ಟ್ ಇತ್ತು, ತೇಪೆ ಮಾರ್ಚ್ 14ಕ್ಕೇ ಬಂದಿತ್ತು, ಎರಡು ತಿಂಗ್ಳು ಟೈಮಿತ್ತು. ಜನ ಅಪ್‌ಡೇಟ್ ಹಾಕಿರ್ಲಿಲ್ಲ ಅಷ್ಟೇ.

ಇಲ್ಲಿ ನಾವು ಸರ್ವಿಸ್‌ನೋರು ಒಪ್ಕೋಬೇಕು. ನಮ್ಮೂರಲ್ಲಿ ಅಪ್‌ಡೇಟ್ ಆಫ್ ಮಾಡಿ ಕೊಟ್ಟಿದ್ದು ಯಾರು? ನಾವೇ. ಕ್ರ್ಯಾಕ್ ಮಾಡಿರೋ, ಅಂದ್ರೆ ದುಡ್ಡು ಕೊಡ್ದೆ ಕದ್ದು ಬಳಸೋ ವಿಂಡೋಸ್ ಹಾಕಿ, ಅಪ್‌ಡೇಟ್ ಆದ್ರೆ ಸ್ಕ್ರೀನ್ ಕಪ್ಪಾಗತ್ತೆ, ಡಾಟಾ ಖಾಲಿ ಆಗತ್ತೆ ಅಂತ ಹೇಳಿ ಆಫ್ ಮಾಡಿ ಕೊಟ್ವಿ. ನಾನೂ ಎಷ್ಟೋ ಮಿಷನ್‌ಗೆ ಹಂಗೆ ಮಾಡಿದೀನಿ. ತಪ್ಪು ಅದು. ಗಿರಾಕಿ ನಮ್ಮನ್ನ ನಂಬಿದ್ರು.

ತಪ್ಪು ಅಂತ ನಂಗೆ ಮನದಟ್ಟಾಗಿದ್ದು ಊರಿನ ಆ ಕಡೆ ಒಂದು ಸಣ್ಣ ಪ್ರೆಸ್ಸಲ್ಲಿ. ಬೆಳಿಗ್ಗೆ ಒಂಬತ್ತಕ್ಕೆ ಓನರ್ ಫೋನ್ ಮಾಡಿ "ಸಾರ್ ಫೈಲ್ ಯಾವ್ದೂ ತೆಗೀತಿಲ್ಲ" ಅಂದ್ರು, ದನಿ ನಡುಗ್ತಿತ್ತು. ಹೋದ್ರೆ ಎಲ್ಲಾ ಫೈಲ್ ಹೆಸರಿನ ಕೊನೆಗೂ ಅರ್ಥವಿಲ್ಲದ ನಾಲ್ಕು ಅಕ್ಷರ ಅಂಟ್ಕೊಂಡಿದೆ, ಫೋಲ್ಡರಿಗೊಂದು ನೋಟ್‌ಪ್ಯಾಡ್ ಚೀಟಿ, 980 ಡಾಲರ್ ಕೊಡಿ, 72 ಗಂಟೆ ಒಳಗೆ ಕೊಟ್ರೆ ಅರ್ಧ ಅಂತ. ಅದು ಬಂದಿದ್ದು ಹಳೇ ವಿಂಡೋಸಿಂದಾನೇ ಅಂತ ನಾನು ಹೇಳಲ್ಲ, ಅಲ್ಲಿನ ಹುಡುಗ ಯಾವ್ದೋ ಸಾಫ್ಟ್‌ವೇರಿಗೆ ಕ್ರ್ಯಾಕ್ ಡೌನ್‌ಲೋಡ್ ಮಾಡಿದ್ದ, ಅದರ ಜೊತೆ ಬಂತು. ಆದ್ರೆ ಬಂದಿದ್ದು ಮುಂದಿನ ಕಂಪ್ಯೂಟರಿಗೆ, ಹಾಳಾಗಿದ್ದು ಒಳಗಿನ ಎಕ್ಸ್‌ಪಿಲಿದ್ದ ಹದಿನೈದು ವರ್ಷದ ಕೆಲ್ಸ. ಯಾಕೆ? ಎರಡಕ್ಕೂ ಮಧ್ಯೆ ವೈರಿತ್ತು, ಡಿ ಡ್ರೈವ್ ಪೂರ್ತಿ ಪಾಸ್‌ವರ್ಡ್ ಇಲ್ದೆ ಶೇರ್ ಆಗಿತ್ತು. ಬ್ಯಾಕಪ್ಪು? ಇತ್ತು, ಅದೇ ಡ್ರೈವಲ್ಲಿ ಇನ್ನೊಂದು ಫೋಲ್ಡರಲ್ಲಿ. ಆ ಮನುಷ್ಯ ಕುರ್ಚಿಲಿ ಕೂತು ಒಂದೊಂದೇ ಫೋಲ್ಡರ್ ತೆಗೆದು ಮುಚ್ಚಿ, ತೆಗೆದು ಮುಚ್ಚಿ ಮಾಡ್ತಿದ್ರು, ಯಾವ್ದಾದ್ರೂ ಒಂದು ಉಳಿದಿರತ್ತೇನೋ ಅಂತ. ನಂಗೆ ಆ ಮೌಸ್ ಕ್ಲಿಕ್ ಸದ್ದು ಇನ್ನೂ ಕೇಳ್ಸತ್ತೆ.

ಅದಕ್ಕೇ ನನ್ ಮಾತು ಇಷ್ಟೇ. ಹಳೇ ಕಂಪ್ಯೂಟ್ರು ಇಟ್ಕೊಳ್ಳಿ, ನೆಟ್ಟಿಗೆ ಮಾತ್ರ ಬಿಡ್ಬೇಡಿ. ದುಡ್ಡಿನ ವ್ಯವಹಾರ ಇರೋ ಮಿಷನ್ ಬೇರೆ, ದುಡಿಯೋ ಮಿಷನ್ ಬೇರೆ. ಜನ ಇದನ್ನ ಹೊಸದಾ ಹಳೇದಾ ಅನ್ನೋ ಜಗಳ ಮಾಡ್ಕೊಂಡಿದಾರೆ, ಅದಲ್ಲ ಪ್ರಶ್ನೆ, ಯಾವ್ದಕ್ಕೆ ವೈರ್ ಹಾಕಿದೀರ ಅನ್ನೋದು ಪ್ರಶ್ನೆ.

ಅಕ್ಕನ ಅಂಗಡಿಲಿ ಅದನ್ನೇ ಮಾಡಿದ್ದು. ಮೊದ್ಲು ಎಕ್ಸ್‌ಪಿಯಿಂದ ನೆಟ್ ಕೇಬಲ್ ಕಿತ್ತೆ. ಆ ಹಾರ್ಡ್‌ಡಿಸ್ಕ್ ಕಿರ್ ಕಿರ್ ಅಂತಿತ್ತು, ನಂಗೆ ವೈರಸ್ಸಿಗಿಂತ ಮೊದ್ಲು ಅದರ ಭಯಾನೇ ಆಯ್ತು, ಪೂರ್ತಿ ಡಿಸ್ಕನ್ನ ಇನ್ನೊಂದಕ್ಕೆ ಕ್ಲೋನ್ (ಇದ್ದಂಗೇ ನಕಲು) ಮಾಡಿ, ಫೈಲುಗಳದ್ದು ಒಂದು ಕಾಪಿ ಬೇರೆ ಹಾರ್ಡ್‌ಡಿಸ್ಕಿಗೆ ಹಾಕಿ ಅವ್ರ ಮನೆ ಬೀರುಲಿ ಇಡ್ಸಿದೆ. ಅಂಗಡಿಲಲ್ಲ, ಮನೇಲಿ. ಪೆನ್‌ಡ್ರೈವ್ ವಿಷ್ಯನೂ ಹೇಳ್ಬೇಕು, ಪೆನ್‌ಡ್ರೈವ್ ಮೂಲಕ ಹರಡೋ ಶಾರ್ಟ್‌ಕಟ್ ವೈರಸ್ ನಮ್ಮೂರಿನ ಎಲ್ಲಾ ಜೆರಾಕ್ಸ್ ಅಂಗಡಿನೂ ಸುತ್ತಿದೆ, ಹಂಗಾಗಿ ಗಿರಾಕಿ ಪೆನ್‌ಡ್ರೈವ್ ಏನಿದ್ರೂ ಮುಂದಿನ ಮಿಷನ್‌ಗೆ, ಒಳಗಿಂದಕ್ಕೆ ಅಂಗಡಿದೇ ಒಂದು, ಅದನ್ನ ಹೊರಗಡೆ ಯಾರಿಗೂ ಕೊಡಂಗಿಲ್ಲ.

ಮುಂದಿನ ಕಂಪ್ಯೂಟ್ರು ಮೂರನೇ ಜನರೇಶನ್ ಐ3 ಪ್ರೊಸೆಸರಿಂದು. ವಿಂಡೋಸ್ 11 ಅದಕ್ಕೆ ಆಗಲ್ಲ, ಟಿಪಿಎಂ 2.0 ಅನ್ನೋ ಸೆಕ್ಯೂರಿಟಿ ವ್ಯವಸ್ಥೆ ಬೇಕು, ಇಂಟೆಲ್ ಆದ್ರೆ ಹೆಚ್ಚುಕಮ್ಮಿ ಎಂಟನೇ ಜನರೇಶನ್ ಮೇಲಿಂದು ಬೇಕು. ಏಳನೇ ಜನರೇಶನ್ ಐ5 ಕೂಡ ಆಗಲ್ಲ ಅಂದ್ರೆ ನಂಗೆ ಹೊಟ್ಟೆ ಉರಿಯತ್ತೆ, ಕುದುರೆ ಥರ ಓಡೋ ಮಿಷನ್ನು ಅದು, ಗುಜರಿಗೆ ಹಾಕಿ ಅಂತ ಹೇಳೋಕೆ ಬಾಯೇ ಬರಲ್ಲ. ವಿಂಡೋಸ್ 10ಕ್ಕೆ ಹತ್ತು ವರ್ಷ ಸಪೋರ್ಟ್ ಕೊಟ್ಟಿದ್ದು ನಿಜ, ಆದ್ರೂ ಕೋಟಿಗಟ್ಲೆ ಒಳ್ಳೆ ಕಂಪ್ಯೂಟ್ರನ್ನ ಹಿಂಗೆ ಹೊರಗಿಡೋದು ಸರಿಯಲ್ಲ ಅಂತ ನನ್ನ ಅಭಿಪ್ರಾಯ. ಅಕ್ಕಂಗೆ ವಿಂಡೋಸ್ ಬದ್ಲು ಲಿನಕ್ಸ್ ಮಿಂಟ್ ಅನ್ನೋ ಫ್ರೀ ಆಪರೇಟಿಂಗ್ ಸಿಸ್ಟಂ ಹಾಕ್ಕೊಟ್ಟೆ. ಬ್ರೌಸರ್ ಹೊಸದು, ಬ್ಯಾಂಕ್ ತೆಗೀತು, ವಾಟ್ಸಾಪ್ ತೆಗೀತು. ಅವ್ರ ಭಯ ಇದ್ದಿದ್ದು ಕೀಬೋರ್ಡ್ ಬಗ್ಗೆ, ಇಪ್ಪತ್ತು ವರ್ಷದಿಂದ ಬೆರಳು ನುಡಿಗೇ ಒಗ್ಗೋಗಿದೆ. ಲಿನಕ್ಸಲ್ಲಿ ನುಡಿಲಿರೋ ಅದೇ ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ಕೀಬೋರ್ಡ್ ಲೇಔಟ್ ಇದೆ, ಹಾಕಿ ಕೊಟ್ಟೆ. ಅಕ್ಕ ತಮ್ಮ ಹೆಸ್ರು ಟೈಪ್ ಮಾಡಿದ್ರು, ಬಂತು, "ಅಯ್ಯೋ ಬಂತಲ್ಲೋ" ಅಂದ್ರು.

ವಿಂಡೋಸ್ 10 ಇರೋರು ನಂಗೆ ದಿನಾ ಮೆಸೇಜ್ ಮಾಡ್ತಿದೀರ. ಗಾಬರಿ ಬೇಡ, ಮನೆ ಬಳಕೆ ಕಂಪ್ಯೂಟರಿಗೆ 2026 ಅಕ್ಟೋಬರ್ 13ರ ತನಕ ಹೆಚ್ಚುವರಿ ಸೆಕ್ಯೂರಿಟಿ ಅಪ್‌ಡೇಟ್ ಕೊಡೋ ಸ್ಕೀಮ್ ಇದೆ, ಸೆಟ್ಟಿಂಗ್ಸಲ್ಲಿ ವಿಂಡೋಸ್ ಅಪ್‌ಡೇಟ್ ಒಳಗೆ ನೋಡಿ, ಮೈಕ್ರೋಸಾಫ್ಟ್ ಅಕೌಂಟ್ ಇರ್ಬೇಕು. ಆ ಟೈಮಲ್ಲಿ ದಾರಿ ಹುಡುಕ್ಕೊಳ್ಳಿ.

ಇನ್ನೊಂದು ದೊಡ್ಡ ಕೆಲ್ಸ ಉಳಿದಿದೆ, ನನ್ನ ಮನಸ್ಸಲ್ಲಿ ಎಲ್ಲಕ್ಕಿಂತ ಮುಖ್ಯ ಅದೇ. ಆ ಹಳೇ ನುಡಿ ಫೈಲುಗಳನ್ನ ಯೂನಿಕೋಡ್ ಮಾಡೋದು. ಪೇಜ್‌ಮೇಕರ್ ಓಡೋ ಕೊನೇ ಮಿಷನ್ ನಿಂತ ದಿನ ಆ ಕರಪತ್ರ, ಆ ವರದಿ, ಊರೂರಿನ ಜಾತ್ರೆ ವಿವರ ಎಲ್ಲ ಪೌಂಡ್ ಗುರುತಾಗಿ ಉಳ್ಕೊಳತ್ತೆ, ಗೂಗಲ್ಲಲ್ಲಿ ಹುಡುಕಿದ್ರೂ ಸಿಗಲ್ಲ, ನಮ್ಮ ಮಕ್ಕಳಿಗೆ ಓದೋಕೂ ಆಗಲ್ಲ. ಕನ್ವರ್ಟರುಗಳಿವೆ, ಫ್ರೀಯಾಗೇ ಸಿಗತ್ತೆ, ಆದ್ರೆ ಅರ್ಕಾವತ್ತು, ಒತ್ತಿನ ಮೇಲೆ ಒತ್ತು ಬಂದಿರೋ ಕಡೆ ಎಡವತ್ತೆ, ಸಂಸ್ಕೃತ ಶ್ಲೋಕ ಇದ್ರೆ ಕಣ್ಣಿಟ್ಟು ಓದಿ ತಿದ್ದಲೇಬೇಕು. ಕಂಪ್ಯೂಟ್ರು ಒಂದೇ ಮಾಡೋ ಕೆಲ್ಸ ಅಲ್ಲ, ಕನ್ನಡ ಚೆನ್ನಾಗಿ ಬಲ್ಲ ಒಬ್ರು ಪಕ್ಕದಲ್ಲಿ ಕೂರ್ಬೇಕು.

ಭಾನುವಾರ ಅಂಗಡಿ ಮುಚ್ಚಿರೋವಾಗ ನಾನೂ ಅಕ್ಕನೂ ಕೂರ್ತಿದೀವಿ. ಪೇಜ್‌ಮೇಕರಿಂದ ಟೆಕ್ಸ್ಟ್ ಹೊರಗೆ ತೆಗ್ಯೋದು, ಕನ್ವರ್ಟ್ ಮಾಡೋದು, ಅವ್ರು ಜೋರಾಗಿ ಓದೋದು, ತಪ್ಪಿದ್ದಲ್ಲಿ ನಾನು ತಿದ್ದೋದು. ಓದ್ತಾ ಓದ್ತಾ "ಇವ್ರ ಯಜಮಾನ್ರು ತೀರ್ಕೊಂಡ್ರು ಪಾಪ", "ಈ ಹುಡುಗಿ ಈಗ ದೊಡ್ಡ ಲಾಯರ್ರು" ಅಂತ ಮಧ್ಯೆ ನಿಲ್ಲಿಸ್ತಾರೆ, ಹಂಗಾಗಿ ಬೇಗ ಸಾಗಲ್ಲ, ನಂಗೂ ಅವಸರ ಇಲ್ಲ. ತುಮಕೂರು, ಗುಬ್ಬಿ, ತಿಪಟೂರು ಕಡೆ ಯಾರ ಹತ್ರ ಆದ್ರೂ ಇಂಥ ಫೈಲುಗಳಿದ್ರೆ ಇನ್‌ಬಾಕ್ಸಿಗೆ ಬನ್ನಿ, ದುಡ್ಡು ಬೇಡ, ಓದೋಕೆ ಬರೋ ಒಬ್ರು ಜೊತೆಗಿದ್ರೆ ಸಾಕು. ಊರ್ಡಿಗೆರೆ ಫೋಲ್ಡರ್ ಮುಗೀತು. ಈ ವಾರ ಬೆಳ್ಳಾವಿ.